ಸಹಿಯಾದ ಮ್ಯಾನಿಫೆಸ್ಟಿನ ಪ್ರತಿ ಪೋಸ್ಟಲ್ಲಿ ಬರುವುದು ನಿಂತಿದೆ, ಇ-ಮ್ಯಾನಿಫೆಸ್ಟ್‌ಗೆ ಬದಲಾದವರು ಹೇಳಿ

ಫೈಲ್‌ಜೇಬು:
ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಶಾಪ್‌ನಲ್ಲಿದ್ದೇನೆ. ನಮ್ಮಲ್ಲಿ ಬರುವುದು ಎಫ್006 ಸ್ಲಡ್ಜ್, ಅಂದರೆ ಪ್ಲೇಟಿಂಗ್ ಕೊಳೆನೀರು ಶುದ್ಧ ಮಾಡಿದಾಗ ಉಳಿಯುವ ಅಪಾಯಕಾರಿ ಕೆಸರು. ತಿಂಗಳಿಗೆ 100 ಕೆಜಿಗಿಂತ ಜಾಸ್ತಿ, 1000ಕ್ಕಿಂತ ಕಡಿಮೆ. ಹಾಗಾಗಿ ನಾವು ಸ್ಮಾಲ್ ಕ್ವಾಂಟಿಟಿ ಜನರೇಟರ್, ಅಂದರೆ ಇಂಥ ಕಸ ಸಣ್ಣ ಪ್ರಮಾಣದಲ್ಲಿ ಹುಟ್ಟಿಸುವವರು.

ಡ್ರಮ್ ಹೊರಟ ದಿನ ಮ್ಯಾನಿಫೆಸ್ಟಿನ (ಅಪಾಯಕಾರಿ ಕಸದ ಜೊತೆ ಹೋಗುವ ಸಾಗಣೆ ಪತ್ರ) ನನ್ನ ಪ್ರತಿಯನ್ನು ಫೈಲಿನ ಮುಂದಿನ ಜೇಬಿಗೆ ಹಾಕುತ್ತೇನೆ. ಡ್ರಮ್ ಇಳಿಸಿಕೊಳ್ಳುವ ಕಡೆಯಿಂದ ಸಹಿಯಾದ ಪ್ರತಿ ಬಂದ ಮೇಲೆ ಎರಡಕ್ಕೂ ಪಿನ್ ಹೊಡೆದು ಹಿಂದಕ್ಕೆ ಸೇರಿಸುತ್ತೇನೆ. ಮುಂದಿನ ಜೇಬು ಖಾಲಿ ಇದ್ದರೆ ಎಲ್ಲ ಡ್ರಮ್ಮೂ ತಲುಪಿವೆ ಅಂತ ನೆಮ್ಮದಿ. ಈಗ ಅದರಲ್ಲಿ ಎರಡು ಕಾಗದ ಹಾಗೇ ಕೂತಿವೆ. ಒಂದಕ್ಕೆ 41 ದಿನ ಆಯ್ತು. ಫೋನ್ ಮಾಡಿದರೆ "ಸಿಸ್ಟಮ್‌ನಲ್ಲಿದೆ, ನೋಡಿಕೊಳ್ಳಿ" ಅಂದರು. ಅಂದರೆ ಸರ್ಕಾರದ ಆನ್‌ಲೈನ್ ಇ-ಮ್ಯಾನಿಫೆಸ್ಟ್‌ನಲ್ಲಿ. ಅದರಲ್ಲಿ ನಮ್ಮ ಖಾತೆ ಮಾಡಿದವರು ಕೆಲಸ ಬಿಟ್ಟಿದ್ದಾರೆ. ವಿಷದ ಮಣ್ಣು ಎಲ್ಲಿದೆ ಅಂತ ಗೊತ್ತಿಲ್ಲದೆ ನನಗೆ ನಿದ್ದೆ ಬರಲ್ಲ. ಪೂರ್ತಿ ಎಲೆಕ್ಟ್ರಾನಿಕ್‌ಗೆ ಹೋಗಿಬಿಡಲಾ?

ಲ್ಯಾಬ್‌ಕೋಟು:
ಮೊದಲು ಖಾತೆ, ಆಮೇಲೆ ಉಳಿದದ್ದು. 2025ರ ಜನವರಿ 22ರಿಂದ ನಿಮ್ಮಂಥವರು ಇ-ಮ್ಯಾನಿಫೆಸ್ಟ್‌ಗೆ ನೋಂದಣಿ ಮಾಡಿಸಲೇಬೇಕು. ನೋಂದಣಿ ಆದ ಜನರೇಟರ್‌ಗೆ ಸಹಿಯಾದ ಪ್ರತಿಯನ್ನು ಪೋಸ್ಟ್ ಮಾಡಬೇಕಾದ ನಿಯಮ ಈಗ ಇಲ್ಲ. ಅದಕ್ಕೇ ಬಂದಿಲ್ಲ. ನೀವೇ ಹೋಗಿ ನೋಡಬೇಕು. ಆರ್‌ಸಿಆರ್‌ಎಇನ್ಫೋದಲ್ಲಿ (ಇ-ಮ್ಯಾನಿಫೆಸ್ಟ್‌ಗೆ ಒಳಹೋಗುವ ಸರ್ಕಾರಿ ವೆಬ್‌ಸೈಟ್) ನಿಮ್ಮ ಹೆಸರಲ್ಲಿ ಸೈಟ್ ಮ್ಯಾನೇಜರ್ ಅನುಮತಿ ಕೇಳಿ, ಅಂದರೆ ನಿಮ್ಮ ಶಾಪ್‌ನ ಖಾತೆ ನೋಡಿಕೊಳ್ಳುವ ಅಧಿಕಾರ. ಇನ್ನೊಬ್ಬರನ್ನೂ ಸೈಟ್ ಮ್ಯಾನೇಜರ್ ಮಾಡಿ. ಒಬ್ಬರೇ ಇದ್ದರೆ ಏನಾಗುತ್ತೆ ಅಂತ ನೋಡಿದ್ದೀರಲ್ಲ.

ಕಾದು ಕೂರಬೇಡಿ. 60 ದಿನದೊಳಗೆ ಸಹಿಯಾದ ಪ್ರತಿ ಕಾಣದಿದ್ದರೆ ಎಕ್ಸೆಪ್ಶನ್ ರಿಪೋರ್ಟ್ (ಸಹಿಯಾದ ಪ್ರತಿ ಬಂದಿಲ್ಲ ಅನ್ನುವ ವರದಿ) ಕೊಡಬೇಕು. 2025ರ ಡಿಸೆಂಬರ್ 1ರಿಂದ ಅದೂ ಇ-ಮ್ಯಾನಿಫೆಸ್ಟ್‌ನಲ್ಲೇ.

ಡಾಕ್‌ಕಡೆ:
ನಾನು ಡ್ರಮ್ ಇಳಿಸಿಕೊಳ್ಳುವ ಕಡೆಯವನು ಸರ್. ಬಂದ 30 ದಿನದೊಳಗೆ ನಾವು ಮ್ಯಾನಿಫೆಸ್ಟ್ ಸಲ್ಲಿಸಬೇಕು. 2021ರ ಜೂನ್ 30ರಿಂದ ಇಪಿಎ (ಅಮೆರಿಕ ಸರ್ಕಾರದ ಪರಿಸರ ಸಂಸ್ಥೆ) ಪೋಸ್ಟಲ್ಲಿ ಕಾಗದ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದೆ.

ಒಂದೇ ಸಲ ಪೂರ್ತಿ ಎಲೆಕ್ಟ್ರಾನಿಕ್ ಬೇಡ, ಹೈಬ್ರಿಡ್‌ನಿಂದ ಶುರು ಮಾಡಿ. ನೀವು ಪ್ರಿಂಟ್ ಮೇಲೆ ಪೆನ್ನಲ್ಲಿ ಸಹಿ ಹಾಕುತ್ತೀರಿ, ಲಾರಿಯವರು ಮತ್ತು ನಾವು ಸಿಸ್ಟಮ್‌ನಲ್ಲಿ. ಲಾರಿಯವರು ಇದಕ್ಕೆ ಸಿದ್ಧರಿದ್ದಾರಾ ಅಂತ ಮೊದಲೇ ಕೇಳಿ. ಯಾವ ರೀತಿ ಮಾಡಿದರೂ ಲಾರಿಯಲ್ಲಿ ಒಂದು ಪ್ರಿಂಟ್ ಇರಲೇಬೇಕು.

ಇನ್ನೊಂದು ಮಾತು. ಪ್ರತಿ ಸಿಕ್ಕಿತು ಅಂತ ಸುಮ್ನೆ ಮುಚ್ಚಬೇಡಿ. ಕಾಗದ ನೋಡಿ ಟೈಪ್ ಮಾಡುವಾಗಲೇ ಜಾಸ್ತಿ ತಪ್ಪಾಗುವುದು. 11ನೇ ಕಲಂ (ಒಟ್ಟು ಪ್ರಮಾಣ) ಮತ್ತು 12ನೇ ಕಲಂ (ಅಳತೆಯ ಘಟಕ) ಓದಿ.

ಫೈಲ್‌ಜೇಬು:
ಒಂಬತ್ತು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅನುಮತಿ ಬಂತು, ಎರಡೂ ಸಿಕ್ಕವು! ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ನೀವು ಹೇಳಿದ 12ನೇ ಕಲಂ ನೋಡಿದೆ ಸರ್. ನಾನು ಬರೆದದ್ದು 800, ಪಕ್ಕದಲ್ಲಿ ಪಿ, ಅಂದರೆ ಪೌಂಡ್. ಸಿಸ್ಟಮ್‌ನಲ್ಲಿ ಜಿ ಅಂತಿದೆ. 55 ಗ್ಯಾಲನ್ನಿನ ಎರಡು ಡ್ರಮ್ಮಲ್ಲಿ 800 ಗ್ಯಾಲನ್ ಹಿಡಿಸುತ್ತಾ? ನನ್ನ ಕಾಗದ ಪಕ್ಕಕ್ಕಿಟ್ಟು ನೋಡಿದೆ. ಪಿ ಅಕ್ಷರದ ಬಾಲ ಕೆಳಗಿನ ಗೆರೆಗೆ ತಾಗಿ ಬಾಗಿದೆ, ಓದಿದವರ ತಪ್ಪಲ್ಲ. ತಿದ್ದುಪಡಿ ಹಾಕಿದ್ದೇನೆ.

ಮುಂದಿನ ವಾರದ ಡ್ರಮ್ ಹೈಬ್ರಿಡ್‌ನಲ್ಲಿ ಹೋಗುತ್ತೆ. ಲಾರಿಯವರು ಸರಿ ಅಂದಿದ್ದಾರೆ. ಮುಂದಿನ ಜೇಬು ಈಗ ಖಾಲಿ.