ತಂಡದಿಂದ ತಂಡಕ್ಕೆ ಸುತ್ತಿ ಬಂದ ಲೆಫ್ಟ್ ಕಾರ್ನರ್: ಈತನ ಆಟವನ್ನು ಅಳೆಯುವುದು ಹೇಗೆ?

ಕೃಷ್ಣಾತೀರ, ಜಮಖಂಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜಮಖಂಡಿ ತಾಲ್ಲೂಕಿನ ನಮ್ಮ ಕಬಡ್ಡಿ ತಂಡವು ಈ ಸಲದ ಹೊನಲು ಬೆಳಕಿನ ಪಂದ್ಯಾವಳಿಗಳಿಗೆಂದು ಹೊರಗಿನಿಂದ ಒಬ್ಬ ಲೆಫ್ಟ್ ಕಾರ್ನರ್ (ರಕ್ಷಣೆಯಲ್ಲಿ ಎಡಮೂಲೆಯಲ್ಲಿ ನಿಲ್ಲುವ) ಆಟಗಾರನನ್ನು ಕರೆತಂದಿದೆ. ವಯಸ್ಸು ಮೂವತ್ತು ದಾಟಿದೆ. ಸಾಂಗಲಿ ಕಡೆಯ ತಂಡವೊಂದರಲ್ಲಿ ಆಟ ಆರಂಭಿಸಿ, ಕೊಲ್ಹಾಪುರ, ಹುಬ್ಬಳ್ಳಿ, ಚಿಕ್ಕೋಡಿ ಎಂದು ಸುತ್ತಿ, ನಡುವೆ ಸರಕಾರಿ ಇಲಾಖೆಯೊಂದರ ತಂಡಕ್ಕೂ ಆಡಿ ಬಂದಿರುವ ಈತ ಎಲ್ಲಿಯೂ ಎರಡು ವರ್ಷಕ್ಕಿಂತ ಹೆಚ್ಚು ನಿಂತವನಲ್ಲ. ಈ ಭಾಗದಲ್ಲಿ ಕಬಡ್ಡಿ ನೋಡುವವರಿಗೆ ಇಷ್ಟು ಹೇಳಿದರೆ ಗುರುತು ಸಿಕ್ಕೀತು. ಸಿಕ್ಕರೂ ದಯವಿಟ್ಟು ಹೆಸರನ್ನು ಇಲ್ಲಿ ಬರೆಯಬೇಡಿ.

ನಮ್ಮ ಸಮಿತಿಯಲ್ಲಿ ಈಗ ಎರಡು ಪಕ್ಷಗಳಾಗಿವೆ. ಎಲ್ಲಿಯೂ ನೆಲೆ ನಿಲ್ಲದವನು ನಮ್ಮಲ್ಲಿ ನಿಂತಾನೆಯೇ, ಇಷ್ಟು ತಂಡಗಳು ಕೈಬಿಟ್ಟಿರಬೇಕಾದರೆ ಏನೋ ಒಂದು ಕಾರಣ ಇದ್ದೇ ಇರಬೇಕಲ್ಲವೇ ಎಂಬುದು ಹಿರಿಯರ ಮಾತು. ಹುಡುಗರಾದರೋ ಮೊಬೈಲಿನಲ್ಲಿ ದಾಳಿಗೆ ಬಂದ ರೇಡರ್‌ನ ಕಣಕಾಲು ಹಿಡಿಯುವ ಆತನ ಹಳೆಯ ಆಂಕಲ್ ಹೋಲ್ಡ್‌ಗಳ ವಿಡಿಯೋ ತೋರಿಸಿ, ಇಂಥ ಹಿಡಿತ ನಮ್ಮ ಜಿಲ್ಲೆಯಲ್ಲಿ ಯಾರಿಗಿದೆ ಎಂದು ಕೇಳುತ್ತಾರೆ. ಸ್ಕೋರ್ ಶೀಟ್‌ಗಳನ್ನು ತರಿಸಿ ನೋಡಿದರೆ, ಮೂರು ವರ್ಷದ ಹಿಂದೆ ಪಂದ್ಯಕ್ಕೆ ನಾಲ್ಕೈದು ಟ್ಯಾಕಲ್ ಅಂಕ (ರೇಡರ್‌ನನ್ನು ಹಿಡಿದದ್ದಕ್ಕೆ ಸಿಗುವ ಅಂಕ) ತರುತ್ತಿದ್ದವನು ಕಳೆದ ವರ್ಷ ಎರಡರ ಆಸುಪಾಸಿಗೆ ಇಳಿದಿದ್ದಾನೆ.

ನಮ್ಮ ಕೊರತೆ ಏನೆಂಬುದು ನಮಗೆ ಗೊತ್ತಿದೆ. ಎದುರಾಳಿಗಳು ನಮ್ಮ ಎಡಮೂಲೆಯಲ್ಲಿ ಬೋನಸ್ ಗೆರೆ ದಾಟಿ ಕಾಲಿಟ್ಟು ಬೋನಸ್ ಅಂಕಗಳನ್ನು ಲೂಟಿ ಹೊಡೆಯುತ್ತಾರೆ, ಮತ್ತು ಮುನ್ನಡೆ ನಮ್ಮದೇ ಇದ್ದ ಪಂದ್ಯಗಳನ್ನೂ ಕೊನೆಯ ಐದು ನಿಮಿಷಗಳಲ್ಲಿ ಕಳೆದುಕೊಂಡಿದ್ದೇವೆ. ರೈಟ್ ಕಾರ್ನರ್‌ನಲ್ಲಿರುವವನು ಇನ್ನೂ ಕಾಲೇಜು ಓದುತ್ತಿರುವ ಹುಡುಗ. ಗೌರವಧನ, ಊಟ, ವಸತಿ ಎಲ್ಲ ಸೇರಿ ನಮ್ಮಂಥ ಚಿಕ್ಕ ತಂಡಕ್ಕೆ ಇದು ಸಣ್ಣ ಖರ್ಚಲ್ಲ. ಈತನ ಆಟವನ್ನು ಯಾವ ಅಳತೆಯಿಂದ ನೋಡಬೇಕು, ಅನುಭವಿಗಳು ತಿಳಿಸಬೇಕಾಗಿ ವಿನಂತಿ.

ಅಥಣಿಯ ಓದುಗ

ನಿಮ್ಮ ಹಿರಿಯರ ಅನುಮಾನ ಸಹಜವಾದದ್ದೇ. ಆದರೆ ಸುತ್ತಾಟವನ್ನೇ ದೋಷವೆಂದು ಎಣಿಸಿದರೆ ಪ್ರೊ ಕಬಡ್ಡಿ ಕಂಡ ಅತ್ಯುತ್ತಮ ಲೆಫ್ಟ್ ಕಾರ್ನರ್‌ನನ್ನೇ ಬೇಡವೆನ್ನಬೇಕಾಗುತ್ತದೆ. ಇರಾನಿನ ಫಜಲ್ ಅತ್ರಾಚಲಿ 2015ರಲ್ಲಿ ಯು ಮುಂಬಾ ತಂಡದಲ್ಲಿದ್ದುಕೊಂಡು ಕಪ್ ಗೆದ್ದರು (ಆ ಫೈನಲ್‌ನಲ್ಲಿ ಸೋತದ್ದು ನಮ್ಮ ಬೆಂಗಳೂರು ಬುಲ್ಸ್, ನನಗಂತೂ ಅದು ಇನ್ನೂ ಚುಚ್ಚುತ್ತದೆ). 2016ರಲ್ಲಿ ಪಟ್ನಾ ಪೈರೇಟ್ಸ್ ಸೇರಿ ಮತ್ತೊಮ್ಮೆ ಗೆದ್ದರು. 2017ರಲ್ಲಿ ಗುಜರಾತ್. 2018ರ ಹರಾಜಿನಲ್ಲಿ ಯು ಮುಂಬಾ ಅವರನ್ನು 1 ಕೋಟಿ ಕೊಟ್ಟು ಮರಳಿ ಕರೆಸಿಕೊಂಡಾಗ ಆ ಲೀಗಿನಲ್ಲಿ ಕೋಟಿ ಮುಟ್ಟಿದ ಮೊದಲ ಆಟಗಾರ ಅವರಾದರು. ಆಮೇಲೆ 2022ರಲ್ಲಿ ಪುಣೇರಿ ಪಲ್ಟನ್, 2023ರಲ್ಲಿ 1.60 ಕೋಟಿಗೆ ಪುನಃ ಗುಜರಾತ್, 2024ರಲ್ಲಿ ಬರೀ 50 ಲಕ್ಷಕ್ಕೆ ಬೆಂಗಾಲ್, 2025ರಲ್ಲಿ ದಬಾಂಗ್ ದೆಹಲಿ.

ಇಲ್ಲಿ ಗಮನಿಸಬೇಕಾದದ್ದು ಬೆಲೆಯ ಏರಿಳಿತ. ಒಂದೇ ವರ್ಷದಲ್ಲಿ ಬೆಲೆ ಮೂರನೆಯ ಒಂದು ಪಾಲಿಗಿಂತ ಕೆಳಕ್ಕೆ ಬಿತ್ತಲ್ಲ, ಆಟವೂ ಅಷ್ಟೇ ಬಿದ್ದಿತ್ತೇ? ಅದಾದ ಮರುವರ್ಷ, 2025ರ ಅಕ್ಟೋಬರ್ 31ರಂದು, ದೆಹಲಿ ತಂಡ ಪುಣೇರಿ ಪಲ್ಟನ್ನನ್ನು 31–28ರಿಂದ ಮಣಿಸಿ ಕಪ್ ಎತ್ತಿದಾಗ ಎಡಮೂಲೆಯಲ್ಲಿ ನಿಂತಿದ್ದವರು ಇದೇ ಫಜಲ್. ಮೂರು ಬೇರೆ ಬೇರೆ ತಂಡಗಳಿಗೆ ಕಪ್ ಗೆದ್ದುಕೊಟ್ಟವರನ್ನು ಅಲೆಮಾರಿ ಎಂದು ಕರೆಯುವುದಾದರೆ ಕರೆಯಲಿ.

ದೆಹಲಿಯ ಮೊದಲ ಕಪ್ಪಿನ ಕಥೆ ನಿಮ್ಮ ಪ್ರಶ್ನೆಗೆ ಇನ್ನೂ ಹತ್ತಿರವಾದದ್ದು. ಎಂಟನೆಯ ಆವೃತ್ತಿಗೆ ಆ ತಂಡ ಕಟ್ಟಿದ ರಕ್ಷಣಾ ಪಡೆಯಲ್ಲಿ ಜೋಗಿಂದರ್ ನರ್ವಾಲ್, ಮಂಜೀತ್ ಚಿಲ್ಲರ್, ಸಂದೀಪ್ ನರ್ವಾಲ್, ಜೀವಾ ಕುಮಾರ್ ಇದ್ದರು. ಎಲ್ಲರೂ ಹಲವು ತಂಡಗಳ ನೀರು ಕುಡಿದವರು, ಎಲ್ಲರೂ ಹಳಬರು. ಮಂಜೀತ್ ಒಬ್ಬರೇ ಬುಲ್ಸ್, ಪುಣೆ, ಜೈಪುರ, ತಮಿಳ್ ತಲೈವಾಸ್ ಮುಗಿಸಿ ಅಲ್ಲಿಗೆ ಬಂದಿದ್ದರು. 2022ರ ಫೆಬ್ರುವರಿ 25ರಂದು ಬೆಂಗಳೂರಿನಲ್ಲಿ, ಪ್ರೇಕ್ಷಕರಿಲ್ಲದ ಅಂಗಳದಲ್ಲಿ, ಪಟ್ನಾವನ್ನು ಒಂದೇ ಅಂಕದಿಂದ, 37–36ರಿಂದ, ಸೋಲಿಸಿದ್ದು ಇದೇ ಹಳಬರ ತಂಡ.

ಆದ್ದರಿಂದ ಎಷ್ಟು ತಂಡ ಎಂಬುದಕ್ಕಿಂತ, ಆಯಾ ತಂಡದಲ್ಲಿ ಆತನ ಪಕ್ಕದಲ್ಲಿ ಯಾರು ನಿಂತಿದ್ದರು ಎಂಬುದನ್ನು ಕೇಳಿ. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಮನೆಯಲ್ಲಿರುವ ಇನ್ನೊಂದು ಎತ್ತಿನ ಎತ್ತರ, ನಡಿಗೆ ನೆನಪಿಟ್ಟುಕೊಂಡೇ ವ್ಯಾಪಾರಕ್ಕೆ ಕುಳಿತುಕೊಳ್ಳುತ್ತಾನೆ, ಕಾರ್ನರ್ ಆಟಗಾರನ ವಿಷಯವೂ ಹಾಗೆಯೇ. ಆತ ರೇಡರ್‌ನ ಕಾಲು ಹಿಡಿದ ಕ್ಷಣಾರ್ಧದಲ್ಲಿ, ನಡುಭಾಗದಲ್ಲಿ ನಿಲ್ಲುವ ರಕ್ಷಕನಾದ ಕವರ್‌ನವನು ಬಂದು ಸೊಂಟಕ್ಕೆ ಬೀಳದಿದ್ದರೆ, ಹಿಡಿದವನು ಮಧ್ಯಗೆರೆಯವರೆಗೆ ಎಳೆಸಿಕೊಂಡು ಹೋಗಿ ಔಟಾಗುತ್ತಾನೆ. ಶೀಟಿನಲ್ಲಿ ಅದು ಆತನ ತಪ್ಪಾಗಿ ದಾಖಲಾಗುತ್ತದೆ, ಬಾರದೇ ಹೋದ ಕವರ್‌ನ ಹೆಸರು ಎಲ್ಲಿಯೂ ಬರುವುದಿಲ್ಲ. ಕಳೆದ ವರ್ಷ ಆತ ಆಡಿದ ತಂಡದ ಕವರ್ ಜೋಡಿ ಹೇಗಿತ್ತು ಎಂಬುದನ್ನು ವಿಚಾರಿಸಿ, ಎರಡಕ್ಕಿಳಿದ ಅಂಕಗಳ ಕಾರಣ ಅಲ್ಲಿಯೇ ಸಿಗಬಹುದು.

ನಿಂಬೆತೋಟ, ಇಂಡಿ

ಅಥಣಿಯವರ ಉದಾಹರಣೆಗಳು ಚೆನ್ನಾಗಿವೆ, ಆದರೆ ಅವು ನಮ್ಮ ಹಳ್ಳಿಯ ಅಂಕಣಕ್ಕೆ ಹೊಂದುವುದಿಲ್ಲ. ಪ್ರೊ ಕಬಡ್ಡಿಯಲ್ಲಿ ಆಟಗಾರನನ್ನು ತಂಡದಿಂದ ತಂಡಕ್ಕೆ ಒಯ್ಯುವುದು ಹರಾಜು. ಉಳಿಸಿಕೊಳ್ಳುವ ಮನಸ್ಸಿದ್ದರೂ ದುಡ್ಡಿನ ಮಿತಿ ಮೀರಿದರೆ ಬಿಟ್ಟುಕೊಡಲೇಬೇಕು. ನಮ್ಮ ಕಡೆ ಯಾವ ಹರಾಜೂ ಇಲ್ಲ. ಆಟ ಮತ್ತು ನಡತೆ ಎರಡೂ ಹಿಡಿಸಿದರೆ ಮುಂದಿನ ವರ್ಷ ಜಾತ್ರೆಗೆ ಮೊದಲೇ ಫೋನ್ ಮಾಡಿ ಕರೆಯುತ್ತಾರೆ. ಐದು ತಂಡಗಳ ಪೈಕಿ ಒಂದು ತಂಡವೂ ಮತ್ತೆ ಕರೆದಿಲ್ಲವೆಂದರೆ ನಿಮ್ಮ ಹಿರಿಯರು ಕೇಳುತ್ತಿರುವುದು ಸರಿಯಾದ ಪ್ರಶ್ನೆಯೇ.

ದೊಡ್ಡ ಹೆಸರು ಕಡಿಮೆ ಬೆಲೆಗೆ ಸಿಕ್ಕಿತೆಂದು ಹಿಗ್ಗುವವರಿಗೆ ಪ್ರದೀಪ್ ನರ್ವಾಲ್ ಪ್ರಸಂಗವೂ ನೆನಪಿರಲಿ. ಪಟ್ನಾದಲ್ಲಿ ಮೂರು ಕಪ್ ಗೆದ್ದವರನ್ನು 2021ರಲ್ಲಿ ಯುಪಿ ಯೋಧಾ 1.65 ಕೋಟಿಗೆ ಕೊಂಡಿತು. 2024ರಲ್ಲಿ ಬುಲ್ಸ್ 70 ಲಕ್ಷಕ್ಕೆ ಕರೆತಂದಾಗ ನಾವೆಲ್ಲ ಕುಣಿದಾಡಿದೆವು. ಆ ವರ್ಷ ಬುಲ್ಸ್ 22 ಪಂದ್ಯಗಳಲ್ಲಿ ಗೆದ್ದದ್ದು ಎರಡೇ, ಪಟ್ಟಿಯ ತಳದಲ್ಲಿ ಉಳಿಯಿತು. ಮರುವರ್ಷದ ಹರಾಜಿನಲ್ಲಿ ಅವರನ್ನು ಯಾರೂ ಕೊಳ್ಳಲಿಲ್ಲ, ಅವರು ನಿವೃತ್ತಿ ಘೋಷಿಸಿದರು.

ಹಳೆಯ ತಂಡಗಳ ನಾಯಕರಿಗಿಂತ ಅಲ್ಲಿ ಅಡುಗೆ, ವಸತಿ ನೋಡಿಕೊಂಡವರನ್ನು ಮಾತನಾಡಿಸಿ. ನಾಯಕರು ಸಂಕೋಚದಿಂದ ಒಳ್ಳೆಯದನ್ನೇ ಹೇಳುತ್ತಾರೆ. ರಾತ್ರಿ ಎಷ್ಟಕ್ಕೆ ಮಲಗಿದ, ಸೋತ ದಿನ ಕಿರಿಯರ ಮೇಲೆ ಹರಿಹಾಯ್ದನೇ, ಹಣದ ಮಾತು ಪಂದ್ಯಕ್ಕೆ ಮೊದಲೋ ಆಮೇಲೋ ಎಂಬುದನ್ನೆಲ್ಲ ನೋಡಿರುವವರು ಇವರು.

ಪಿ.ಟಿ. ಮಾಸ್ತರು, ವಿಜಯಪುರ

ನಡತೆಯ ವಿಚಾರಣೆ ಬೇಕು, ಜೋಡಿಯ ವಿಚಾರಣೆಯೂ ಬೇಕು. ಆದರೆ ಆಟ ನೋಡುವ ಬಗೆಯನ್ನು ಇಬ್ಬರೂ ಹೇಳಲಿಲ್ಲವಾದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ. ಶಾಲಾ ತಂಡಗಳನ್ನು ತಯಾರು ಮಾಡುವುದು ನನ್ನ ಉದ್ಯೋಗ. ಅದಕ್ಕೂ ಮೊದಲು ನಾನೇ ಕಾರ್ನರ್‌ನಲ್ಲಿ ನಿಂತು ಆಡಿದವನು.

ಟ್ಯಾಕಲ್ ಅಂಕವನ್ನು ನಂಬಿ ಕಾರ್ನರ್ ಆಟಗಾರನಿಗೆ ಬೆಲೆ ಕಟ್ಟಬೇಡಿ. ಒಳ್ಳೆಯ ಕಾರ್ನರ್ ಎಂದು ಹೆಸರಾದವನ ಕಡೆಗೆ ಎದುರಾಳಿ ರೇಡರ್ ಹೋಗುವುದನ್ನೇ ಬಿಡುತ್ತಾನೆ. ಹೋಗದಿದ್ದರೆ ಹಿಡಿಯುವ ಅವಕಾಶವಿಲ್ಲ, ಅವಕಾಶವಿಲ್ಲದಿದ್ದರೆ ಅಂಕವಿಲ್ಲ. ಆದರೆ ಆ ರೇಡ್ ಮೂವತ್ತು ಸೆಕೆಂಡು ಖಾಲಿ ಹೋಯಿತು. ಇನ್ನೊಂದು ಹಾಗೆಯೇ ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಅಂಕ ತರದೆ ಮರಳಿದರೆ ರೇಡರ್ ಔಟು. ಒತ್ತಡದಿಂದ ಬಂದ ಆ ಮೂರನೆಯ ರೇಡರ್‌ನನ್ನು ಕವರ್ ಹುಡುಗ ಹಿಡಿದು ಚಪ್ಪಾಳೆ ಗಿಟ್ಟಿಸುತ್ತಾನೆ. ಅದನ್ನು ಸಾಧ್ಯವಾಗಿಸಿದ ಕಾರ್ನರ್‌ನ ಹೆಸರಿನ ಮುಂದೆ ಸೊನ್ನೆ. ಮುನ್ನಡೆಯಲ್ಲಿದ್ದು ಕೊನೆಯ ಐದು ನಿಮಿಷದಲ್ಲಿ ಸೋಲುವ ನಿಮ್ಮಂಥ ತಂಡಕ್ಕೆ ಅಂಕ ತರುವವನಿಗಿಂತ ರೇಡ್ ಖಾಲಿ ಕಳಿಸುವವನೇ ಹೆಚ್ಚು ಬೇಕಾದವನು.

ಆದ್ದರಿಂದ ಒಬ್ಬ ಹುಡುಗನ ಕೈಗೆ ನೋಟ್‌ಬುಕ್ ಕೊಟ್ಟು ಅಂಕಣದ ಅಂಚಿನಲ್ಲಿ ಕೂರಿಸಿ. ಪ್ರತಿ ರೇಡಿನಲ್ಲಿ ರೇಡರ್ ಎಡಮೂಲೆಗೆ ಇಳಿದನೋ ಇಲ್ಲವೋ, ಬೋನಸ್‌ಗೆ ಕಾಲು ಚಾಚಿದನೋ ಇಲ್ಲವೋ, ನಿಮ್ಮವನು ತಾನಾಗಿ ಮುನ್ನುಗ್ಗಿದನೋ ಕಾದನೋ ಎಂದು ಬರೆಯಲಿ. ಬೋನಸ್ ಇರುವುದು ಅಂಕಣದಲ್ಲಿ ಆರು ಅಥವಾ ಏಳು ಮಂದಿ ರಕ್ಷಕರಿರುವಾಗ ಮಾತ್ರ, ಹಾಗಾಗಿ ಆ ಹೊತ್ತಿನ ಲೆಕ್ಕ ಬೇರೆ ಇರಲಿ. ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಉಳಿದಾಗಿನ ಲೆಕ್ಕವೂ ಬೇರೆ, ಏಕೆಂದರೆ ಆಗ ಹಿಡಿದರೆ ಸೂಪರ್ ಟ್ಯಾಕಲ್, ಎರಡು ಅಂಕ. ಆ ಆಸೆಗೆ ಬಿದ್ದು ಆತುರಪಡುವವರನ್ನು ನಾನು ಬಹಳ ನೋಡಿದ್ದೇನೆ.

ಇನ್ನು ಕಾಲುಗಳನ್ನು ನೋಡಿ. ರೇಡರ್ ಕವರ್ ಕಡೆ ತಿರುಗಿದಂತೆ ನಟಿಸಿ ಥಟ್ಟನೆ ಮೂಲೆಗೆ ಮರಳುತ್ತಾನಲ್ಲ, ಆ ಗಳಿಗೆಯಲ್ಲಿ ಕಾರ್ನರ್‌ನ ಹಿಮ್ಮಡಿ ನೆಲಕ್ಕೆ ಹತ್ತಿದ್ದರೆ ಅವನಿಗೆ ವಯಸ್ಸಾಗಿದೆ ಎಂದರ್ಥ. ಮುಂಗಾಲಿನ ಮೇಲೆ ಭಾರ ಹಾಕಿ, ಮೊಣಕಾಲು ಮಡಿಸಿ, ಅಡ್ಡಡ್ಡವಾಗಿ ಒಂದು ಚಿಕ್ಕ ಹೆಜ್ಜೆ ಹಾಕಬಲ್ಲವನು ಮೂವತ್ತೈದಾದರೂ ಆಡುತ್ತಾನೆ. ಮುಂದಕ್ಕೆ ಜಿಗಿಯುವ ಶಕ್ತಿ ಎಷ್ಟೇ ಇದ್ದರೂ ಆ ಅಡ್ಡ ಹೆಜ್ಜೆ ಹೋಯಿತೆಂದರೆ ಆತ ಜಿಗಿತದಿಂದಲೇ ಬದುಕಬೇಕಾಗುತ್ತದೆ, ಕಾಯಬೇಕಾದಲ್ಲಿ ಮೊದಲೇ ನುಗ್ಗುತ್ತಾನೆ, ಅಡ್ವಾನ್ಸ್ ಟ್ಯಾಕಲ್ ಮಾಡಿ ಪುಕ್ಕಟೆ ಅಂಕ ಕೊಡುತ್ತಾನೆ. ಮೊಬೈಲಿನ ವಿಡಿಯೋಗಳಲ್ಲಿ ಸಫಲವಾದ ಜಿಗಿತಗಳಷ್ಟೇ ಇರುತ್ತವೆ ಎಂಬುದನ್ನು ನಿಮ್ಮ ಹುಡುಗರಿಗೆ ಹೇಳಿ.

ಕೊನೆಯದಾಗಿ, ಇಲಾಖಾ ತಂಡದಲ್ಲಿ ಆಡಿದವನೆಂದರೆ ಮ್ಯಾಟ್ ಮೇಲೆ ಶೂ ಹಾಕಿ ಆಡಿ ರೂಢಿಯಾಗಿರಬಹುದು. ನಮ್ಮ ಹಳ್ಳಿಗಳಲ್ಲಿ ಇನ್ನೂ ಮಣ್ಣಿನ ಅಂಕಣವೇ ಹೆಚ್ಚು. ಸಂಜೆ ನೀರು ಚಿಮುಕಿಸಿದ ಮಣ್ಣು ರಾತ್ರಿ ಹತ್ತರ ಹೊತ್ತಿಗೆ ಮೇಲೆ ಒಣಗಿ ಒಳಗೆ ಜಾರುತ್ತದೆ. ಬರಿಗಾಲಿನಲ್ಲಿ ಆತನ ಮೊದಲ ಹೆಜ್ಜೆ ಹೇಗಿದೆ ಎಂಬುದನ್ನು ಅಭ್ಯಾಸದಲ್ಲಿಯೇ ನೋಡಿಬಿಡಿ.

ಕೃಷ್ಣಾತೀರ, ಜಮಖಂಡಿ

ಮಾಸ್ತರರಿಗೆ ವಿಶೇಷ ಧನ್ಯವಾದಗಳು. ಮುಧೋಳದ ಹತ್ತಿರದ ಹಳ್ಳಿಯೊಂದರ ಪಂದ್ಯಾವಳಿಯಲ್ಲಿ ನೀವು ಹೇಳಿದಂತೆಯೇ ನೋಟ್‌ಬುಕ್ ಹಿಡಿಸಿ ಕೂರಿಸಿದ್ದೆವು. ಮೊದಲಾರ್ಧದಲ್ಲಿ ಎದುರಾಳಿಗಳು ಎಡಮೂಲೆಗೆ ಇಳಿಯುತ್ತಿದ್ದರು. ಒಬ್ಬ ರೇಡರ್ ಬೋನಸ್ ಗೆರೆಗೆ ಕಾಲು ಚಾಚಿದಾಗ ಈತ ಮುಂಗಾಲನ್ನು ಹಿಡಿಯದೆ, ಆಧಾರಕ್ಕೆ ನೆಲದಲ್ಲಿ ಊರಿದ್ದ ಹಿಂಗಾಲನ್ನೇ ಹಿಡಿದು ಕೆಡವಿದ. ದ್ವಿತೀಯಾರ್ಧದಲ್ಲಿ ಆ ಕಡೆ ಬಂದವರೇ ಕಡಿಮೆ, ಬಂದವರೂ ಬೋನಸ್‌ಗೆ ಯತ್ನಿಸಲಿಲ್ಲ. ಸ್ಕೋರ್ ಶೀಟಿನಲ್ಲಿ ಆತನ ಹೆಸರಿಗೆ ಬಂದದ್ದು ಎರಡೇ ಅಂಕ, ನಾವು ಗೆದ್ದೆವು.

ಆದರೆ ಎದುರಾಳಿಗಳೆಲ್ಲ ಈಗ ನಮ್ಮ ರೈಟ್ ಕಾರ್ನರ್ ಹುಡುಗನ ಮೇಲೆ ಬೀಳುತ್ತಿದ್ದಾರೆ. ಆತ ಪ್ರತಿ ರೇಡಿಗೂ ಮೊದಲು ಆ ಹುಡುಗನಿಗೆ ಈ ತುದಿಯಿಂದಲೇ ಕೂಗಿ ನಿಲ್ಲುವ ಜಾಗ ಹೇಳುತ್ತಿದ್ದುದು ನಿಜ. ಹುಡುಗನಿಗೆ ಅದರಿಂದ ಧೈರ್ಯ ಬಂತೋ ಗಲಿಬಿಲಿಯಾಯಿತೋ ನನಗೆ ತಿಳಿಯಲಿಲ್ಲ. ಇಂಡಿಯವರು ಹೇಳಿದಂತೆ ಹಳೆಯ ಊರೊಂದರ ಅಡುಗೆಯವರನ್ನೂ ವಿಚಾರಿಸಿದೆವು. ಹಣ ಹೇಳಿದ ದಿನಕ್ಕೆ ಬಾರದ ಕಾರಣ ಆತನೇ ಆ ತಂಡ ಬಿಟ್ಟನಂತೆ. ಈಗ ಉಳಿದಿರುವ ಪ್ರಶ್ನೆಯೆಂದರೆ, ಇಡೀ ಹಂಗಾಮಿಗೆ ಮಾತು ಕೊಡಬೇಕೋ, ಪಂದ್ಯಾವಳಿಗೆ ಇಷ್ಟೆಂದು ಇಡಬೇಕೋ?

ಕರದಂಟು, ಗೋಕಾಕ

ಹಣಕ್ಕಾಗಿ ಒಮ್ಮೆ ನೊಂದವನಿಗೆ ಪಂದ್ಯಾವಳಿಗೆ ಇಷ್ಟೆಂದು ಗೊತ್ತುಮಾಡಿ, ಮುಗಿದ ರಾತ್ರಿಯೇ ಕೈಗೆ ಕೊಟ್ಟುಬಿಡಿ. ಹಂಗಾಮಿನ ಕೊನೆಯವರೆಗೆ ಇದ್ದರೆ ಬೇರೆ ಒಂದು ಮೊತ್ತ ಎಂದು ಎಲ್ಲರೆದುರು ಹೇಳಿರಿ. ಟ್ಯಾಕಲ್ ಅಂಕಕ್ಕೆ ಇನಾಮು ಕಟ್ಟಲು ಮಾತ್ರ ಹೋಗಬೇಡಿ. ನಮ್ಮ ಕಡೆ ಒಂದು ತಂಡ ಹಾಗೆ ಮಾಡಿದ ಮೇಲೆ ಕಾಯುತ್ತಿದ್ದ ಕಾರ್ನರ್‌ಗಳೆಲ್ಲ ನುಗ್ಗತೊಡಗಿದರು.

ರೈಟ್ ಕಾರ್ನರ್ ಹುಡುಗನ ವಿಷಯಕ್ಕೆ ಇಷ್ಟು ಮಾಡಿ: ಅಭ್ಯಾಸದಲ್ಲಿ ಇಬ್ಬರನ್ನೂ ಮೂಲೆ ಬದಲಿಸಿ ನಿಲ್ಲಿಸಿ, ನಿಮ್ಮ ಒಳ್ಳೆಯ ರೇಡರ್‌ನನ್ನು ಬಿಡಿ. ಹುಡುಗ ಆ ಕಡೆಯಿಂದ ಹಳಬನ ಕಾಲುಗಳನ್ನು ನೋಡಲಿ. ಪಂದ್ಯದಲ್ಲಿ ಕೂಗಿ ಹೇಳುವ ಕೆಲಸವನ್ನು ನಡುವೆ ನಿಂತಿರುವ ಕವರ್‌ನವನಿಗೆ ವಹಿಸಿ, ಡೂ ಆರ್ ಡೈ ರೇಡಿನಲ್ಲಿ ಮೊದಲು ಯಾರು ಕೈಹಾಕಬೇಕು ಎಂಬುದನ್ನು ಅಂಕಣಕ್ಕೆ ಇಳಿಯುವ ಮೊದಲೇ ತೀರ್ಮಾನಿಸಿಕೊಳ್ಳಿ.