ತುರ್ತು: ಬರ ಮತ್ತು ಬಂದೂಕಿಗೆ ಊರು ಬಿಟ್ಟವರಿಗೆ ಏನನ್ನುವುದು?

ನಮಸ್ಕಾರ. ಸೊಮಾಲಿಯಾ ಕುರಿತ ಚಿತ್ರಪ್ರದರ್ಶನಕ್ಕೆ ಫಲಕ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಅಲ್ಲಿ 2020ರ ಕೊನೆಯಿಂದ ಸಾಲಾಗಿ ಐದು ಮಳೆಗಾಲ ಕೈಕೊಟ್ಟವು. ಆಡು, ಒಂಟೆ ಸತ್ತವು. ಅಲ್-ಶಬಾಬ್ ಉಗ್ರರ ಹಿಡಿತದ ಹಳ್ಳಿಗಳಿಗೆ ನೆರವು ತಲುಪುವುದೇ ಕಷ್ಟ. ಜನ ಬೈದೊವಾ ಪಟ್ಟಣದ ಅಂಚಿಗೆ ಬಂದು, ಕೋಲು ಬಗ್ಗಿಸಿ ಹಳೇ ಬಟ್ಟೆ, ಪ್ಲಾಸ್ಟಿಕ್ ಹೊದಿಸಿದ ಗುಡಿಸಲುಗಳಲ್ಲಿದ್ದಾರೆ. ಇಂಗ್ಲಿಷಿನಲ್ಲಿ 'ಡಿಸ್‌ಪ್ಲೇಸ್ಡ್' ಅಂತಿದೆ. 'ನಿರಾಶ್ರಿತರು' ನಡೆಯುತ್ತಾ? ಜಾಗ ಕಡಿಮೆ.

ಉತ್ತರ:
ನಡೆಯಲ್ಲ. ಬೆಂಗಳೂರಿನಲ್ಲಿ ಭಿಕ್ಷುಕರನ್ನು ಇರಿಸುವ ಜಾಗಕ್ಕೂ 'ನಿರಾಶ್ರಿತರ ಪರಿಹಾರ ಕೇಂದ್ರ' ಅಂತಲೇ ಬೋರ್ಡು. ಸಂಸ್ಕೃತಕ್ಕೆ ಕೈಚಾಚುವ ಮೊದಲು ಮನೆಯೊಳಗೆ ಹುಡುಕಿ. ರಾಯಚೂರು, ಕೊಪ್ಪಳದ ಕಡೆ ಬರ ಬಂದರೆ ಜನ ಗುಳೆ ಹೋಗುತ್ತಾರೆ. 'ಗುಳೆ ಹೋದವರು' ಎಂದು ಬರೆಯಿರಿ. ಇಲ್ಲವೇ 'ನೆಲೆಗೆಟ್ಟವರು'. ಮುಗಿಯಿತು.

ಮರು ಉತ್ತರ:
ಎಲ್ಲಿ ಮುಗಿಯಿತು? ಗುಳೆ ಹೋದವರು ಮುಂಗಾರು ಹೊತ್ತಿಗೆ ವಾಪಸ್ ಬರುತ್ತಾರೆ. ಮುದುಕರು ಊರಲ್ಲೇ ಇರುತ್ತಾರೆ, ಮನೆ ಕಾಯ್ದುಕೊಂಡು. ಬೈದೊವಾಕ್ಕೆ ಬಂದವರು ಯಾವುದನ್ನು ನಂಬಿ ಹಿಂದಿರುಗಬೇಕು? 'ನೆಲೆಗೆಟ್ಟವರು' ಅಂತೂ ಲಜ್ಜೆಗೆಟ್ಟವರ ಅಣ್ಣತಮ್ಮಂದಿರ ಥರ ಕೇಳುತ್ತೆ. 'ಸಂತ್ರಸ್ತರು' ಎಂದು ಯಾರೋ ಹೇಳುವ ಮೊದಲೇ ಹೇಳಿಬಿಡುತ್ತೇನೆ: ಆಲಮಟ್ಟಿ ಮುಳುಗಡೆ ಆದಾಗಿನಿಂದ ಆ ಪದಕ್ಕೆ ಪರಿಹಾರದ ಚೆಕ್ಕು ಅಂಟಿಕೊಂಡಿದೆ.

ಇನ್ನೊಂದು, ವಿಶ್ವಸಂಸ್ಥೆಯ 1951ರ ಒಪ್ಪಂದದ ಪ್ರಕಾರ ರೆಫ್ಯೂಜಿ ಅನ್ನಿಸಿಕೊಳ್ಳಲು ದೇಶದ ಗಡಿ ದಾಟಿರಬೇಕು. ಜನಾಂಗ, ಧರ್ಮ, ರಾಜಕೀಯ ನಿಲುವಿನಂಥ ಕಾರಣಕ್ಕೆ ಕಿರುಕುಳದ ಭಯವೂ ಇರಬೇಕು. ಬರ ಆ ಪಟ್ಟಿಯಲ್ಲೇ ಇಲ್ಲ. ಕೀನ್ಯಾದ ದದಾಬ್ ಶಿಬಿರ ಸೇರಿದ ಸೊಮಾಲಿಗಳು ರೆಫ್ಯೂಜಿಗಳು. ಬೈದೊವಾದಲ್ಲಿರುವವರು ಅಲ್ಲ, ಅವರು ತಮ್ಮ ದೇಶದೊಳಗೇ ಇದ್ದಾರೆ. ಇಂಥವರಿಗಾಗಿಯೇ ಆಫ್ರಿಕಾದ ದೇಶಗಳು 2009ರಲ್ಲಿ ಕಂಪಾಲಾದಲ್ಲಿ ಬೇರೆ ಒಪ್ಪಂದ ಮಾಡಿಕೊಂಡವು. ಅದರಲ್ಲಿ ಹವಾಮಾನ ಬದಲಾವಣೆಯ ಮಾತೂ ಇದೆ. ಎರಡು ಗುಂಪಿಗೂ ಒಂದೇ ಪದ ಅಂಟಿಸಬೇಡಿ. ಇವರು 'ನೆಲೆ ಕಳೆದುಕೊಂಡವರು'.

ಉತ್ತರ:
ಸಾಲು ಸಾಲಿಗೆ 'ರೆಫ್ಯೂಜಿ' ಬರೆಯುವವರಿಂದ ಕನ್ನಡದ ಪಾಠ ಬೇಡ.

ಮರು ಉತ್ತರ:
ತಮ್ಮ 'ಬೋರ್ಡು' ಯಾವ ಹಳಗನ್ನಡದ್ದು ಸ್ವಾಮಿ? ರೆಫ್ಯೂಜಿ ಹಳ್ಳಿಯವರ ಬಾಯಲ್ಲೂ ಇದೆ. ಬಂದ ಪದವನ್ನು ಗಡಿಯಲ್ಲಿ ನಿಲ್ಲಿಸಿ ಕಾಗದ ಕೇಳುತ್ತಾ ಕೂತರೆ ಕನ್ನಡ ಬೆಳೆಯಲ್ಲ.

ಕೇಳಿದವರಿಂದ:
ಜಗಳ ಮುಂದುವರಿಯಲಿ, ನನಗೆ ಪ್ರಿಂಟಿನವರ ಫೋನು ಬರುತ್ತಿದೆ. ಬೈದೊವಾ ಚಿತ್ರಗಳಿಗೆ 'ನೆಲೆ ಕಳೆದುಕೊಂಡವರು', ಅಕ್ಷರ ಸ್ವಲ್ಪ ಸಣ್ಣದು ಮಾಡಿದರೆ ಹಿಡಿಸುತ್ತೆ. ದದಾಬ್ ಚಿತ್ರಗಳಿಗೆ 'ನಿರಾಶ್ರಿತರು' ಇರಲಿ. ಬೈಲುಕುಪ್ಪೆಯ ಟಿಬೆಟನ್ನರಿಗೆ ಪೇಪರಿನವರು ಬಳಸುವುದೂ ಅದನ್ನೇ ಅಲ್ವಾ.