ಡಯಾಲಿಸಿಸ್‌ನವರಿಗೆ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್: ಕೊಟ್ಟವರು ಅನುಭವ ಹೇಳಿ

ಕೇಳಿದವರು: ಅಪ್ಪನಿಗೆ ಹಳೇ ಶುಗರ್, ಈಗ ವಾರಕ್ಕೆ ಮೂರು ಡಯಾಲಿಸಿಸ್. ಎಸ್‌ಒಡಿ, ಗ್ಲುಟಾಥಯೋನ್ (ಜೀವಕೋಶ ಕಾಪಾಡೋಕೆ ಮೈಯೇ ತಯಾರಿಸಿಕೊಳ್ಳೋ ಆಂಟಿಆಕ್ಸಿಡೆಂಟ್ ವಸ್ತುಗಳು) ಕಡಿಮೆ ಇದೆ ಅಂತ ಪರಿಚಯದವರೊಬ್ಬರು ಕ್ಯಾಪ್ಸೂಲ್ ಹೇಳಿದ್ದಾರೆ. ತಿಂಗಳಿಗೆ 2,400 ರೂಪಾಯಿ. ಕೊಡಬಹುದಾ?

ಹಾಸನದ ಮಗಳು: ನಮ್ಮಮ್ಮನಿಗೆ ನೆಂಟರು ಹಟ ಹಿಡಿದು ನೆಲ್ಲಿಕಾಯಿ ಜ್ಯೂಸ್, ಜೊತೆಗೆ ವಿಟಮಿನ್ ಸಿ 1000 ಶುರು ಮಾಡಿಸಿದರು. ಜ್ಯೂಸ್ 380, ಮಾತ್ರೆ ಬೇರೆ. ರಕ್ತದಲ್ಲಿ ಪೊಟ್ಯಾಶಿಯಂ ಅಪಾಯದ ಮಟ್ಟಕ್ಕೆ, 6.4ಕ್ಕೆ ಹೋಯಿತು. ರಾತ್ರಿ ಕಾರು ಬಾಡಿಗೆ 1,900, ತುರ್ತು ಡಯಾಲಿಸಿಸ್ 3,200, ಐಸಿಯು ಅಡ್ವಾನ್ಸ್ 25,000, ವಾರ್ಡ್ ಹುಡುಗನಿಗೆ ಕೊಟ್ಟಿದ್ದು ಲೆಕ್ಕಕ್ಕಿಲ್ಲ. ಹೇಳಿದ ನೆಂಟರು ಫೋನ್ ಕೂಡ ಎತ್ತಲಿಲ್ಲ. ಕಿಡ್ನಿ ಕೆಲಸ ಮಾಡದಿದ್ದರೆ ಜಾಸ್ತಿ ವಿಟಮಿನ್ ಸಿ ಆಕ್ಸಲೇಟ್ ಆಗಿ ಮೈಯಲ್ಲೇ ಕೂರುತ್ತದೆ, ಕೆಲವು ಗ್ಲುಕೋಮೀಟರ್‌ಗಳು ಶುಗರನ್ನೂ ತಪ್ಪು ತೋರಿಸುತ್ತವೆ.

ಶಿರಸಿಯವರು: ನೆಲ್ಲಿಕಾಯಿಯನ್ನು ಯಾಕೆ ಬೈತೀರಿ? ನಮ್ಮ ಮಾವ ವರ್ಷಗಳಿಂದ ತಿಂತಿದ್ದಾರೆ, ಶುಗರ್ ಹಿಡಿತದಲ್ಲಿದೆ, ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ನಾರ್ಮಲ್.

ಹಾಸನದ ಮಗಳು: ನಿಮ್ಮ ಮಾವನಿಗೆ ಡಯಾಲಿಸಿಸ್ ಇಲ್ಲ ಅಲ್ವಾ? ಮತ್ತೆ ಇಲ್ಲಿ ಯಾಕೆ ಹೇಳ್ತೀರಿ? ಧಾರೆಹುಳಿಯನ್ನೂ (ಸ್ಟಾರ್ ಫ್ರೂಟ್) ಒಳ್ಳೇದು ಅಂದುಬಿಡಿ. ಅದು ಕಿಡ್ನಿ ಹೋದವರ ತಲೆಗೇರಿ ಬಿಕ್ಕಳಿಕೆ, ಫಿಟ್ಸ್ ತರುತ್ತೆ.

ಹುಬ್ಬಳ್ಳಿ ಅಣ್ಣ: ನಾನು ತಮ್ಮನಿಗೆ ವಿಟಮಿನ್ ಇ ಕೊಡಿಸಿದೆ, ಕಿಡ್ನಿ ಡಾಕ್ಟರ್ (ನೆಫ್ರಾಲಜಿಸ್ಟ್) ಒಪ್ಪಿಗೆ ಪಡೆದೇ. ಇಸ್ರೇಲ್‌ನಲ್ಲಿ 2000ದಲ್ಲಿ ಬಂದ ಸ್ಪೇಸ್ ಅಧ್ಯಯನದಲ್ಲಿ, ಮೊದಲೇ ಹೃದಯದ ಕಾಯಿಲೆ ಇದ್ದ 196 ಡಯಾಲಿಸಿಸ್ ರೋಗಿಗಳಲ್ಲಿ ದಿನಕ್ಕೆ 800 ಯೂನಿಟ್ ತಗೊಂಡವರಿಗೆ ಹೃದಯಾಘಾತ ಕಡಿಮೆಯಾಗಿತ್ತು. ಎಲ್ಲವನ್ನೂ ಮೋಸ ಅನ್ನಬೇಡಿ.

ತುಮಕೂರು ಟೆಕ್ನಿಷಿಯನ್: ಅದೇ ವರ್ಷದ ಹೋಪ್ ಅಧ್ಯಯನ 9,000ಕ್ಕೂ ಹೆಚ್ಚು ಜನರದ್ದು, 400 ಯೂನಿಟ್‌ನಿಂದ ಏನೂ ಉಪಯೋಗ ಕಾಣಲಿಲ್ಲ. ಅದನ್ನ ಯಾಕೆ ಬಿಟ್ಟಿರಿ?

ಹುಬ್ಬಳ್ಳಿ ಅಣ್ಣ: ಅವರು ಡಯಾಲಿಸಿಸ್‌ನವರಲ್ಲ ಸ್ವಾಮಿ! ನೀವೂ ಶಿರಸಿಯವರ ಹಾಗೇ ಮಾತಾಡ್ತೀರಲ್ಲ.

ತುಮಕೂರು ಟೆಕ್ನಿಷಿಯನ್: ಸರಿ, ಡಯಾಲಿಸಿಸ್ ಮಾತೇ ಆಡೋಣ. ರಕ್ತ ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಪೊರೆಗೆ ತಾಗಿದ ಕೂಡಲೇ ಬಿಳಿಕಣ ಕೆರಳಿ ಜೀವಕೋಶಕ್ಕೆ ಹಾನಿ ಮಾಡೋ ಸೂಪರ್‌ಆಕ್ಸೈಡ್ ಬಿಡುತ್ತವೆ, ಐರನ್ ಇಂಜೆಕ್ಷನ್ ಇನ್ನಷ್ಟು ಹೊರೆ ಹಾಕುತ್ತೆ. ಈ ಹಾನಿ ತಡೆಯೋ ಕಿಣ್ವಗಳಲ್ಲೊಂದಾದ ಪ್ಲಾಸ್ಮಾದ (ರಕ್ತದ ದ್ರವಭಾಗದ) ಗ್ಲುಟಾಥಯೋನ್ ಪೆರಾಕ್ಸಿಡೇಸ್ ಬಹುಪಾಲು ತಯಾರಾಗೋದೇ ಕಿಡ್ನಿಯಲ್ಲಿ, ಹಾಗಾಗಿ ಕಿಡ್ನಿ ಹೋದರೆ ಅದೂ ಕಡಿಮೆ. ಎಸ್‌ಒಡಿ ಒಂದು ಪ್ರೋಟೀನ್, ಸುಮ್ನೆ ನುಂಗಿದರೆ ಹೊಟ್ಟೆ ಅದನ್ನ ಬೇಳೆಯ ಹಾಗೆ ಅರಗಿಸಿಬಿಡುತ್ತೆ. ಆ 2,400ರಲ್ಲಿ ಹೊಸ ಡಯಲೈಸರ್ ಕೇಳಿ, ತೊಳೆದು ಮತ್ತೆ ಬಳಸಿದ್ದು ಬೇಡ ಅನ್ನಿ.

ಮಂಡ್ಯದ ಗಂಡ: ಇದೇನ್ರಿ, ರೀಯೂಸ್ ಮಾಡೋರನ್ನೆಲ್ಲ ಕೊಲೆಗಾರರ ಥರ ಹೇಳ್ತೀರಿ? ನನ್ನ ಹೆಂಡತಿಗೆ ಜಿಲ್ಲಾಸ್ಪತ್ರೆಯಲ್ಲಿ ಪುಕ್ಕಟೆ ಆಗುತ್ತೆ. 2016ರ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆ ಬರದಿದ್ದರೆ ನಾವು ಗದ್ದೆ ಮಾರಬೇಕಿತ್ತು. ಸರಿಯಾಗಿ ತೊಳೆದು, ಅವರದ್ದೇ ಹೆಸರು ಬರೆದಿಡ್ತಾರೆ, ನಾನೇ ಲೇಬಲ್ ನೋಡಿದ್ದೀನಿ.

ತುಮಕೂರು ಟೆಕ್ನಿಷಿಯನ್: ಲೇಬಲ್ ಜೊತೆ ಎಷ್ಟನೇ ಸಲ ಅಂತಲೂ ಬರೆದಿರ್ತಾರೆ, ನಾಳೆ ಅದನ್ನೂ ನೋಡಿ.

ಮಂಡ್ಯದ ಗಂಡ: ನೋಡ್ತೀನಿ. ಆದ್ರೆ ಹೊಸದಕ್ಕೆ ದುಡ್ಡು ಯಾರು ಕೊಡ್ತಾರೆ, ನೀವು ಕೊಡ್ತೀರಾ?